ಗುದಾಮಿನ ನೆಲ ಸಾರಿಸಿದ ಬೆಳಗು

ನೆಲ ಸಾರಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ, ಮುಂದಿನ ಮಾತಿಗೆ ಬೇಕು ಅಂತ ಹೇಳುತ್ತಿದ್ದೇನೆ. ಭಾಲ್ಕಿಯ ತವರುಮನೆಯಲ್ಲಿ ಅವ್ವ ನನ್ನ ಕೈಗೆ ಸಗಣಿಯ ಬುಟ್ಟಿ ಕೊಟ್ಟಾಗ ನನಗಿನ್ನೂ ಎರಡು ಜಡೆ. ನೀರು ಎಷ್ಟು ಬೆರೆಸಬೇಕು, ಅಂಗೈ ಎಲ್ಲಿಂದ ಎಲ್ಲಿಗೆ ತಿರುಗಬೇಕು, ಹಿಂದೆ ಸರಿಯುವಾಗ ಗೆರೆಯ ಮೇಲೆ ಗೆರೆ ಹೇಗೆ ಏರಬಾರದು, ಎಲ್ಲವನ್ನೂ ಬೈದು ಬೈದು ಕಲಿಸಿದಳು. ಔರಾದ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದ ಮೊದಲ ವಾರ ಅತ್ತೆ ನನ್ನ ಅಡುಗೆಗೆ ಮೂಗು ಮುರಿದಳು, ನಡಿಗೆಗೆ ಹೆಸರಿಟ್ಟಳು, ನಾನು ಸಾರಿಸಿದ ಪಡಸಾಲೆಯನ್ನು ನೋಡಿ ಮಾತ್ರ ಸುಮ್ಮನಾದಳು. ಆಕೆ ಸುಮ್ಮನಾಗುವುದೇ ದೊಡ್ಡ ಹೊಗಳಿಕೆ ಎಂದು ಗಂಡ ಆಮೇಲೆ ತಿಳಿಸಿ ಹೇಳಿದ.

ಈ ಕೈಯೇ ಒಂದು ಆಕಳನ್ನು ಕೊಂದಿತು, ಒಬ್ಬ ಮುದುಕನನ್ನು ನಮ್ಮ ಮನೆಯಿಂದ ಹೊರಗೆ ಹಾಕಿತು. ಸತ್ತುಹೋದವರ ಎದುರು ಇನ್ನೇನು ನಾಚಿಕೆ ಎಂದು ಈಗ ಬರೆಯಲು ಕೂತಿದ್ದೇನೆ. ಬದುಕಿದ್ದವರ ಎದುರು ಬಾಯಿಬಿಟ್ಟು ಹೇಳಿದ್ದು ಒಮ್ಮೆ ಮಾತ್ರ. ಅದೂ ಹೇಳಬೇಕಾದ ಹೊತ್ತು ಮೀರಿದ ಮೇಲೆ.

ಆ ಮುದುಕ ನಮ್ಮ ಮನೆಯ ದನ ಕಾಯುವವ, ಮುಸಲ್ಮಾನ. ಮಾವ ಒಬ್ಬರನ್ನು ಬಿಟ್ಟು ಮನೆಮಂದಿಯೆಲ್ಲ ಆತನನ್ನು ಚಾಚಾ ಎನ್ನುತ್ತಿದ್ದೆವು. ನಾನು ಆ ಮನೆಗೆ ಹೋಗುವ ಮೊದಲು ನಡೆದದ್ದನ್ನು ಅತ್ತೆ ಜೋಳ ಹಸನು ಮಾಡುತ್ತ ಹತ್ತು ಸಲ ಹೇಳಿದ್ದಳು. ರಜಾಕಾರರ ಗಲಾಟೆಯಲ್ಲಿ ಮಾವ ದನಗಳ ಹಗ್ಗ ಬಿಚ್ಚಿ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಭಾರತದ ಸೈನ್ಯ ಬಂದು ನಿಜಾಮನ ಆಳಿಕೆ ಮುಗಿಯಿತು, ಪೊಲೀಸ್ ಆಕ್ಷನ್ ಆಯಿತು ಎಂಬ ಸುದ್ದಿ ಕೇಳಿ ತಿರುಗಿ ಬಂದಾಗ ಕೊಟ್ಟಿಗೆ ಖಾಲಿ. ಒಂದು ಹೆಣ್ಣುಗರು ಮಾತ್ರ ಉಳಿದಿತ್ತು. ಅದನ್ನು ಚಾಚಾ ಹಳ್ಳದ ದಂಡೆಯ ಜೋಳದ ಹೊಲದಲ್ಲಿ ಅಡಗಿಸಿಟ್ಟು, ಬಾಯಿಗೆ ಚಿಂದಿ ಕಟ್ಟಿ ಕೂಗದಂತೆ ಮಾಡಿ, ಉಳಿಸಿಕೊಂಡಿದ್ದ. ಆಮೇಲೆ ಗಾಳಿ ತಿರುಗಿತು, ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ಜನ ಸೇಡು ತೀರಿಸಿಕೊಳ್ಳತೊಡಗಿದರು. ಅಡಗಿಕೊಳ್ಳುವ ಪಾಳಿ ಈಗ ಚಾಚಾನದು. ಭಾಲ್ಕಿ ಸಂತೆಗೆ ಹೋಗಿದ್ದ ಆತನ ಒಬ್ಬನೇ ಮಗ ತಿರುಗಿ ಬರಲಿಲ್ಲ. ಚಾಚಾನನ್ನೂ ಆತನ ಹೆಂಡತಿಯನ್ನೂ ಮಾವ ನಮ್ಮ ಖಾಲಿ ಹಗೇವಿನಲ್ಲಿ, ಜೋಳ ತುಂಬುವ ಆ ನೆಲಗುಂಡಿಯಲ್ಲಿ, ಇಳಿಸಿ ಇಟ್ಟು ರೊಟ್ಟಿ ನೀರು ಕೊಟ್ಟು ಕಾಪಾಡಿದರು. ಹೀಗೆ ಅವರಿಬ್ಬರ ನಡುವೆ ಒಂದು ಋಣವಿತ್ತು. ಇಬ್ಬರೂ ಅದರ ಮಾತು ಎತ್ತುತ್ತಿರಲಿಲ್ಲ.

ಆ ಕರು ಬೆಳೆದು ಆಕಳಾಗಿತ್ತು. ಅಪ್ಪಟ ದೇವಣಿ ತಳಿ. ಬಿಳಿ ಮೈ, ಕರಿ ಮಚ್ಚೆ, ಜೋತುಬಿದ್ದ ಕಿವಿ. ಮಾವನ ತಂದೆಯ ಕಾಲದಿಂದ ಬಂದ ಸಂತಾನದಲ್ಲಿ ಉಳಿದದ್ದು ಅದೊಂದೇ. ಅದು ಚಾಚಾ ಕರೆದರೆ ಬರುತ್ತಿತ್ತು, ನಾನು ಕೂತರೆ ಹಾಲು ಬಿಡುತ್ತಿತ್ತು. ಬೇರೆ ಯಾರು ಕೆಚ್ಚಲು ಮುಟ್ಟಿದರೂ ಚೊಂಬು ಒದ್ದು ಕೆಡವುತ್ತಿತ್ತು. ಅತ್ತೆಗೆ ಇದರಿಂದ ಹೊಟ್ಟೆಕಿಚ್ಚು. ಮದುವೆಯಾಗಿ ಎರಡನೇ ವರ್ಷ ಮುಗಿಯುತ್ತ ಬಂದಿತ್ತು, ನನ್ನ ಮಡಿಲು ತುಂಬಿರಲಿಲ್ಲ. ಹಾಲು ಕರೆಯುವುದು ಮತ್ತು ನೆಲ ಸಾರಿಸುವುದು, ಆ ಮನೆಯಲ್ಲಿ ನನಗಿದ್ದ ಬೆಲೆ ಅಷ್ಟೇ ಎಂದು ನಾನು ತಿಳಿದಿದ್ದೆ.

ಹೈದರಾಬಾದ ಸರ್ಕಾರದವರು ಬೀದರಿನಲ್ಲಿ ದನಗಳ ಪ್ರದರ್ಶನ ಇಟ್ಟಿದ್ದಾರೆ, ಹಾಲು ಕರೆಯುವ ಪಂದ್ಯವೂ ಇದೆ ಎಂದು ಆ ವರ್ಷದ ಚಳಿಗಾಲದಲ್ಲಿ ಸುದ್ದಿ ಬಂತು. ಗೆದ್ದ ಆಕಳ ಸಂತಾನಕ್ಕೆ ಸರ್ಕಾರದ ಒಳ್ಳೆಯ ಹೋರಿಯನ್ನು ಬಿಡುತ್ತಾರಂತೆ. ಮಾವನ ಕಣ್ಣು ಹೊಳೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಖಾಲಿಯಾದ ಕೊಟ್ಟಿಗೆ ಮತ್ತೆ ತುಂಬಬೇಕು ಎಂಬ ಒಂದೇ ಆಸೆ ಅವರಿಗೆ. ಗಂಡ ಹೊಲ ಬಿಟ್ಟು ಬರುವಂತಿರಲಿಲ್ಲ. ಮಾವ, ಅತ್ತೆ, ಆಕಳ ಎಳೆಯ ಹೆಣ್ಣುಗರುವಿನೊಂದಿಗೆ ನಾನು ಗಾಡಿಯಲ್ಲಿ, ಆಕಳ ಹಗ್ಗ ಹಿಡಿದು ಚಾಚಾ ಹಿಂದೆ. ಎರಡು ದಿನದ ದಾರಿ. ಮಾಂಜ್ರಾ ಹೊಳೆ ದಾಟುವಾಗ ಚಾಚಾ ಆಕಳ ಕಾಲು ಒಂದೊಂದಾಗಿ ನೋಡಿ, ಗೊರಸಿನ ಸಂದಿಯ ಹರಳು ತೆಗೆದು, ಹೋಗೋಣ ಎಂದು ಕೈಮಾಡಿದ.

ಪ್ರದರ್ಶನ ಬಯಲಿನಲ್ಲಿ ಎಂದು ಹೇಳಿದ್ದರು. ನಾವು ಮುಟ್ಟುವ ಹಿಂದಿನ ದಿನ ಅಕಾಲದ ಮಳೆ ಹೊಡೆದು ಬಯಲು ರಾಡಿಯಾಗಿತ್ತು. ದನ ನೋಡಿ ಬಹುಮಾನ ಕೊಡುವ ಸಾಹೇಬರ ಬೂಟು ರಾಡಿಯಲ್ಲಿ ಹೂತುಹೋಗಬಾರದಲ್ಲ, ಎಲ್ಲವನ್ನೂ ಹೊಸದಾಗಿ ಕಟ್ಟಿದ್ದ ಒಂದು ಧಾನ್ಯದ ಗುದಾಮಿನ ಒಳಗೆ ಇಟ್ಟುಕೊಂಡರು. ಅಂಥ ನೆಲವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಇಡೀ ನೆಲ ಸಿಮೆಂಟು, ಕರಣೆ ಎಳೆದು ಎಳೆದು ಕನ್ನಡಿ ಮಾಡಿದ್ದರು. ಒಂದೊಂದು ದನಕ್ಕೆ ಒಂದೊಂದು ಜಾಗ ಎಂದು ಸುಣ್ಣದ ಗೆರೆ ಹಾಕಿದ್ದರು. ನಮ್ಮದು ಬಾಗಿಲಿಗೆ ಹತ್ತಿರದ ಜಾಗ.

ಚಾಚಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಬರಿಗಾಲಲ್ಲಿ ಆ ನೆಲವನ್ನು ಒಮ್ಮೆ ತಿಕ್ಕಿ ನೋಡಿದ. ಮುಖ ಸಣ್ಣದಾಯಿತು. ಚಿಕ್ಕಂದಿನಲ್ಲಿ ಆತ ಬೀದರಿನ ಒಬ್ಬ ಜಾಗೀರದಾರರ ಕುದುರೆ ಲಾಯದಲ್ಲಿ ಇದ್ದನಂತೆ. ಅಲ್ಲಿ ಕಲ್ಲುಹಾಸಿನ ಮೇಲೆ ಜಾರಿದ ಕುದುರೆಗಳನ್ನು ನೋಡಿದ್ದನಂತೆ. ಮಣ್ಣಿನಲ್ಲಿ ದನ ಗೊರಸು ಊರುತ್ತದೆ, ಇದರಲ್ಲಿ ಏನನ್ನು ಊರಬೇಕು ಎಂದು ಮಾವನನ್ನು ಕೇಳಿದ. ಒಂದು ಬಾರಿ ಹಿಂಗಾಲು ಎರಡೂ ಕಡೆ ಸರಿದವೆಂದರೆ ತೊಡೆಯ ಸಂದು ಹರಿದುಹೋಗುತ್ತದೆ, ಆಮೇಲೆ ದೇವರು ಬಂದರೂ ಎಬ್ಬಿಸಲಾಗದು ಎಂದ. ಸಂಜೆಯವರೆಗೆ ತಾನೇ ಬುಟ್ಟಿ ಹೊತ್ತು, ಗುದಾಮಿನ ಹಿಂದಿನ ಗುಡ್ಡೆಯಿಂದ ಕೆಂಪು ಮುರಂ ತಂದು ಸುರಿದ. ಹರಳು ಹರಳಾದ ಒಣ ಮಣ್ಣನ್ನು ಆರಿಸಿ, ಬಾಗಿಲಿಂದ ನಮ್ಮ ಜಾಗದವರೆಗೆ ನಾಲ್ಕು ಬೆರಳು ದಪ್ಪ ಹಾಸಿ, ಮೇಲೆ ಜೋಳದ ಒಣದಂಟಿನ ಕಣಕಿ ಹರಡಿ, ಕಾಲಲ್ಲಿ ತುಳಿದು ತುಳಿದು ಕೂರಿಸಿದ. ಮುರಂ ಹಾಸಿದ್ದೇನೆ, ಮುಂಜಾನೆ ಸಾಹೇಬರು ಬರುವ ತನಕ ಅದನ್ನು ಯಾರೂ ಮುಟ್ಟಬಾರದು, ನೀರು ಒಂದು ಹನಿ ಬೀಳಬಾರದು ಎಂದು ಹೊರಗೆ ಗಾಡಿಯ ಹತ್ತಿರವಿದ್ದ ಮಾವನಿಗೆ ಬಂದು ಹೇಳಿದ. ಕತ್ತಲಾಗಿತ್ತು, ಮಾವ ಒಳಗೆ ಹೋಗಿ ನೋಡಲಿಲ್ಲ. ನಾನು ಅಲ್ಲೇ ಇದ್ದೆ. ಕೇಳಿಸಿಕೊಂಡೆ. ದನ ಕಾಯುವವನಿಗೆ ನೆಲದ ವಿಷಯ ಏನು ಗೊತ್ತು ಎಂದು ಮನಸ್ಸಿನಲ್ಲೇ ನಕ್ಕೆ.

ಊರಲ್ಲಿ ಅತ್ತೆಯ ಸಂಬಂಧಿಕರ ಮನೆಯಲ್ಲಿ ಇಳಿದಿದ್ದೆವು. ಮರುದಿನ ಬೆಳಗಾಗುತ್ತಲೇ ಹಾಲು ಕರೆಯಲು ನಾನು ಮಾವನ ಜೊತೆ ಗುದಾಮಿಗೆ ಬಂದೆ. ಅತ್ತೆ ಪೂಜೆ ಮುಗಿಸಿ ಆಮೇಲೆ ಬರುವವಳಿದ್ದಳು. ಪಂದ್ಯದ ಹಾಲು ಸಂಜೆ ಅಳೆಯುವವರಿದ್ದರು, ಬೆಳಗಿನದನ್ನು ಮೊದಲೇ ತೆಗೆದುಬಿಡಬೇಕಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಕಟ್ಟಿದ್ದ ಆಕಳ ಹಾಲು ಕರೆದು ಮುಗಿಸಿದೆ. ಮಾವ ಹೆಸರು ಬರೆಸಲು ಆಚೆ ಹೋದರು. ಚಾಚಾ ನಮಾಜು ಮುಗಿಸಿ ಬಂದವನೇ ಆಕಳನ್ನು ನೀರಿಗೆ ಹೊಡೆದುಕೊಂಡು ಹೋದ. ಉಳಿದವರೂ ತಮ್ಮ ದನಗಳನ್ನು ನೀರಿಗೆ ಹೊಡೆದಿದ್ದರು, ಅಲ್ಲಿ ನಾನು ಒಬ್ಬಳೇ ಉಳಿದೆ.

ಒಳಗೆ ಹೋಗಿ ನೋಡಿದರೆ ಸುತ್ತಲೂ ಹೊಳೆಯುವ ನೆಲ, ನಮ್ಮ ಜಾಗದಲ್ಲಿ ಮಾತ್ರ ಕೆಂಪು ಮಣ್ಣಿನ ರಾಶಿ. ಇಲ್ಲಿ ನಿಂತರೆ ಆಕಳ ಬಿಳಿ ಹೊಟ್ಟೆಗೆಲ್ಲ ಕೆಂಪು ಹತ್ತುತ್ತದೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಸಾಹೇಬರು ಬರುವ ಮೊದಲು ಅತ್ತೆ ಆಕಳಿಗೆ ಆರತಿ ಎತ್ತುವವಳಿದ್ದಳು. ಸಾರಿಸದ ನೆಲದ ಮೇಲೆ ಆಕಳನ್ನು ನಿಲ್ಲಿಸಿ ಆರತಿ ಎತ್ತುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಹಬ್ಬದ ದಿನ ಕೊಟ್ಟಿಗೆಯನ್ನು ನಾವು ದೇವರ ಜಗಲಿಯ ಹಾಗೆಯೇ ಸಾರಿಸುತ್ತೇವೆ. ಸಗಣಿ ಸಾರಿಸಿದರೆ ನೆಲ ಗಟ್ಟಿಯಾಗುತ್ತದೆ, ಧೂಳು ಕೂರುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ನನ್ನ ಕೈ ಬಲ್ಲದ್ದು ಇದೇ. ಕಣಕಿ ಬಾಚಿ ತೆಗೆದೆ, ಮುರಂ ಗುಡಿಸಿ ಬುಟ್ಟಿಗೆ ತುಂಬಿ ಹಿಂಬಾಗಿಲಿಂದ ಹೊರಗೆ ಚೆಲ್ಲಿದೆ. ಹೊಸ ಸಗಣಿಗೆ ಬೇಕಾದಷ್ಟೇ ನೀರು ಬೆರೆಸಿ, ಬಾಗಿಲಿಂದ ಸುಣ್ಣದ ಗೆರೆಯವರೆಗೆ, ಗೆರೆಯ ಮೇಲೆ ಗೆರೆ ಏರದಂತೆ ಸಾರಿಸಿದೆ. ಮೂಲೆಯಲ್ಲಿ ನಾಲ್ಕು ಎಳೆಯ ರಂಗೋಲಿ ಇಟ್ಟೆ. ನೋಡಿದವರು ಹೌದೆನ್ನುವಂತಿತ್ತು.

ಮನೆಯ ಮಣ್ಣಿನ ನೆಲ ಸಗಣಿಯ ನೀರನ್ನು ಕುಡಿಯುತ್ತದೆ. ಒಲೆ ಹೊತ್ತುವುದರೊಳಗೆ ಒಣಗಿ ಗಟ್ಟಿಯಾಗಿರುತ್ತದೆ. ಸಿಮೆಂಟು ಕುಡಿಯುವುದಿಲ್ಲ. ಮೇಲೆ ತೆಳ್ಳನೆಯ ಕೆನೆ ಕಟ್ಟಿ ಒಣಗಿದ ಹಾಗೆ ಕಾಣುತ್ತದೆ, ಕೆಳಗೆ ಹಸಿಹಸಿ ಲೋಳೆ ಹಾಗೇ ಇರುತ್ತದೆ. ಇಷ್ಟು ಸಣ್ಣ ಸಂಗತಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಸಾಹೇಬರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಆರತಿಯ ತಟ್ಟೆ ಹಿಡಿದು ಅತ್ತೆ ಓಡೋಡಿ ಬಂದಳು. ಬೇಗ ಬೇಗ ಎಂದು ಚಪರಾಸಿಗಳು ಉರ್ದುವಿನಲ್ಲಿ ಕೂಗುತ್ತಿದ್ದರು. ನೀರು ಕುಡಿಸಿಕೊಂಡು ಅದೇ ತಾನೇ ಬಂದ ಚಾಚಾ, ಹೊರಗಿನ ಬಿಸಿಲಿಂದ ಒಳಗಿನ ಮಬ್ಬಿಗೆ, ಆಕಳನ್ನು ಹಿಡಿದುಕೊಂಡು ಬಂದ. ಮೊದಲ ಹೆಜ್ಜೆ ಇಟ್ಟ ಕೂಡಲೇ ಆತನಿಗೆ ಗೊತ್ತಾಯಿತು. ಗಕ್ಕನೆ ನಿಂತು ಹಗ್ಗ ಹಿಂದಕ್ಕೆ ಜಗ್ಗಿದ. ಅಷ್ಟರಲ್ಲಿ ಆಕಳು ನಾಲ್ಕೂ ಕಾಲು ಒಳಗೆ ಇಟ್ಟಿತ್ತು. ಜಗ್ಗಿದ್ದಕ್ಕೆ ತಲೆ ಎತ್ತಿತು, ಹಿಂಗಾಲು ಒಂದು ಆ ಕಡೆ, ಒಂದು ಈ ಕಡೆ ಸರಿದವು. ಬಟ್ಟೆ ಹರಿದಂಥ ಸದ್ದು ಬಂತು. ಆಮೇಲೆ ಅದು ಹೊಟ್ಟೆಯ ಮೇಲೆ ಕೂತುಬಿಟ್ಟಿತು, ಕೂಗಲೂ ಇಲ್ಲ. ಮುಂಗಾಲಿನಿಂದ ಏಳಲು ನೋಡುತ್ತಿತ್ತು, ಹಿಂಗಾಲು ಮತ್ತೂ ಅಗಲವಾಗುತ್ತಿದ್ದವು. ಗೊರಸು ಎಳೆದಲ್ಲೆಲ್ಲ ನಾನು ಸಾರಿಸಿದ್ದು ಸುಲಿದು, ಕೆಳಗಿನ ಸಿಮೆಂಟು ಕಾಣುತ್ತಿತ್ತು.

ಹತ್ತು ಜನ ಸೇರಿ ಹೊಟ್ಟೆಯ ಕೆಳಗೆ ಗೋಣಿತಟ್ಟು ತೂರಿಸಿ ಎತ್ತಿ ಹೊರಗೆ ತಂದರು. ಸಲೋತ್ರಿ, ಆಗ ಸರ್ಕಾರಿ ದನದ ಡಾಕ್ಟರನ್ನು ಹಾಗೆ ಕರೆಯುತ್ತಿದ್ದರು, ತೊಡೆಯ ಸಂದು ಮುಟ್ಟಿ ನೋಡಿ ತಲೆ ಆಡಿಸಿದ. ಮಾವ ಬೇವಿನ ಗಿಡಕ್ಕೆ ಆತುಕೊಂಡು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ನೆಲ ನೋಡಿ ಬಂದು ಚಾಚಾನ ಎದುರು ನಿಂತರು.

"ನಿನ್ನಿ ಹಾಸೀನಿ ಅಂದ್ಯಲ್ಲ, ಆ ಮುರಂ ಎಲ್ಲಿ ಅದ?" ಅಂದರು.

ಚಾಚಾ ಬಾಗಿಲ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಕೈ ಮೊಣಕೈವರೆಗೆ ಸಗಣಿಯಾಗಿತ್ತು, ಉಗುರ ಸಂದಿಯಲ್ಲಿ ಕೆಂಪು ಮಣ್ಣಿತ್ತು. ನಾನು ಸೆರಗಿನೊಳಗೆ ಕೈ ಸೇರಿಸಿಕೊಂಡೆ. ಆತ ತಲೆ ತಗ್ಗಿಸಿದ.

"ಹಗ್ಗ ನನ್ ಕೈಯಾಗೇ ಇತ್ರಿ," ಅಂದ. ಅಷ್ಟೇ ಅಂದದ್ದು.

ಸಾರಿಸಿದ ನೆಲದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸಗಣಿ ಸಾರಿಸಿದ್ದರಿಂದ ಕೆಡುಕಾಗುತ್ತದೆ ಎಂದು ನಮ್ಮ ಕಡೆ ಯಾರು ತಾನೇ ಎಣಿಸುತ್ತಾರೆ? ಬಾಗಿಲ ಹತ್ತಿರ, ಸಾಹೇಬರು ಒಳಗೆ ಬರುವ ದಾರಿಯಲ್ಲವೇ, ಪ್ರದರ್ಶನದವರೇ ಸಾರಿಸಿದ್ದಾರೆ ಎಂದುಕೊಂಡರು. ಮುರಂ ಹಾಸಿದೆ ಎಂದು ಸುಳ್ಳು ಹೇಳಿದವನು ಚಾಚಾ, ನಮಾಜಿಗೆ ಹೋಗಿ ತಡ ಮಾಡಿದವನು ಚಾಚಾ, ಹಗ್ಗ ಜಗ್ಗಿದವನು ಚಾಚಾ. ಇವರಿಗೆ ಆಕಳ ಮೇಲೆ ಎಲ್ಲಿಯ ಮಮತೆ ಎಂದು ಹಿಂದಿನಿಂದ ಒಬ್ಬ ಅಂದ. ಬೇಕೆಂತಲೇ ಮಾಡಿದ್ದು ಎಂದ ಇನ್ನೊಬ್ಬ. ಪೊಲೀಸ್ ಆಕ್ಷನ್ ಆಗಿ ಬಹಳ ವರ್ಷ ಕಳೆದಿರಲಿಲ್ಲ, ಅಂಥ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾವ ಆ ಇಬ್ಬರನ್ನು ಗದರಿಸಿ ಕಳಿಸಿದರು. ಆದರೆ ಚಾಚಾನ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ನಾನು ಅಲ್ಲೇ ಇದ್ದೆ. ಮುರಂ ಚೆಲ್ಲಿದವಳು ನಾನು ಎಂದು ಮೂರು ಮಾತು ಹೇಳಿದ್ದರೆ ಆಗುತ್ತಿತ್ತು. ಹೆದರಿದೆ. ಮಕ್ಕಳಿಲ್ಲದ ಸೊಸೆ, ಮನೆಯ ಕೊನೆಯ ಆಕಳನ್ನೂ ತಿಂದಳು ಎಂದು ನನ್ನನ್ನು ಭಾಲ್ಕಿಗೆ ಹೊರಡಿಸಿಬಿಡುತ್ತಾರೆ ಎಂದು ಹೆದರಿದೆ. ಬೇರೆ ಕಾರಣ ಏನೂ ಇರಲಿಲ್ಲ.

ನಾಲ್ಕು ದಿನ ಆಕಳು ಆ ಬೇವಿನ ಗಿಡದ ಕೆಳಗೆ ಬಿದ್ದುಕೊಂಡಿತ್ತು. ಚಾಚಾ ಅದರ ಪಕ್ಕದಿಂದ ಏಳಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ ಎಂದು ಯಾರನ್ನಾದರೂ ಕರೆದು ಮಗ್ಗುಲು ತಿರುಗಿಸುತ್ತಿದ್ದ, ಕಣಕಿ ಬದಲಿಸುತ್ತಿದ್ದ, ಅಂಗೈಯಲ್ಲಿ ನೀರು ಕುಡಿಸುತ್ತಿದ್ದ. ನಾನು ದಿನಾ ಎರಡು ಹೊತ್ತು ಕರು ಹಿಡಿದುಕೊಂಡು ಹೋಗಿ ಕೂತು ಹಾಲು ಹಿಂಡುತ್ತಿದ್ದೆ. ಮಲಗಿಕೊಂಡೇ ಅದು ನನಗೆ ಹಾಲು ಬಿಟ್ಟಿತು. ಪ್ರತಿ ಸಲ ನಾನು ಬಂದು ಕೂತಾಗ ಚಾಚಾ ನನ್ನ ಮುಖ ನೋಡುತ್ತಿದ್ದ, ನಾನು ಕೆಚ್ಚಲು ನೋಡುತ್ತಿದ್ದೆ. ಐದನೇ ದಿನ ಬೆಳಿಗ್ಗೆ ಆಕಳು ಸತ್ತಿತು.

ಹೂಳಿ ಬಂದ ಮೇಲೆ ಮಾವ ಗಾಡಿ ಹೂಡಿದರು. ಚಾಚಾ ಹಿಂದೆ ನಡೆಯಲು ನಿಂತಿದ್ದ. ಇನ್ನು ನೀನು ಬರಬೇಡ, ನಿನ್ನ ಹೆಂಡತಿಯನ್ನು ಕಳಿಸಿಕೊಡುತ್ತೇನೆ ಎಂದರು ಮಾವ. ದನಿ ಏರಿಸಲಿಲ್ಲ. ಚಾಚಾ ಕೈಯಲ್ಲಿದ್ದ ಹಗ್ಗವನ್ನು ಸುತ್ತಿ ಗಾಡಿಯ ಒಳಗೆ ಇಟ್ಟ. ಅದು ನನ್ನ ಕಾಲಿಗೆ ತಾಗಿತು. ಕರು ನನ್ನ ಮಡಿಲಲ್ಲಿತ್ತು. ಗಾಡಿ ಊರಬಾಗಿಲಿನ ಕಮಾನು ದಾಟುವ ತನಕ ಆತ ಅಲ್ಲೇ ನಿಂತಿದ್ದ.

ಮುಂದೆ ನನಗೆ ಇಬ್ಬರು ಗಂಡುಮಕ್ಕಳಾದರು. ಕರು ಬೆಳೆದು ಈಯಿತು. ಮಾವನ ಕೊಟ್ಟಿಗೆ ನಿಧಾನಕ್ಕೆ ತುಂಬಿತು. ನಾನೂ ನಿಧಾನಕ್ಕೆ ಒಂದು ಕಥೆ ಕಟ್ಟಿಕೊಂಡೆ. ಚಾಚಾ ನನ್ನನ್ನು ಮಗಳೆಂದು ತಿಳಿದಿದ್ದ, ನನ್ನ ಬಾಳು ಕೆಡಬಾರದು ಎಂದು ತಪ್ಪು ತನ್ನ ಮೇಲೆ ಹಾಕಿಕೊಂಡ, ಎಂಥ ದೊಡ್ಡ ಮನಸ್ಸು ಎಂದು. ದೇವರ ಮುಂದೆ ಕೂತಾಗ ಆತನಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಆ ಅಳುವಿನಲ್ಲಿ ಒಂದು ಸುಖವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಹೈದರಾಬಾದ ರಾಜ್ಯ ಒಡೆದು ನಾವು ಮೈಸೂರಿನ ಕಡೆ ಸೇರುತ್ತೇವಂತೆ ಎಂದು ಜನ ಮಾತಾಡುತ್ತಿದ್ದ ದಿನಗಳಲ್ಲಿ, ದೊಡ್ಡ ಮಗನ ಕಿವಿನೋವಿಗೆ ಔಷಧಿ ತರಲು ಗಂಡನ ಜೊತೆ ಬೀದರಿಗೆ ಹೋಗಿದ್ದೆ. ಹಳೆಯ ಊರಿನ ದರ್ವಾಜೆಯ ಹತ್ತಿರ ಇಳುಕಲು, ಕೆಳಗೆಲ್ಲ ಸವೆದ ಕಲ್ಲುಹಾಸು. ಅಲ್ಲಿ ಒಬ್ಬ ಮುದುಕ ಬುಟ್ಟಿಯಿಂದ ಕೆಂಪು ಮುರಂ ತೆಗೆದು ಕಲ್ಲಿನ ಮೇಲೆ ಚೆಲ್ಲುತ್ತಿದ್ದ. ಟಾಂಗಾದ ಕುದುರೆಗಳು ಜಾರದಿರಲಿ ಎಂದು ಟಾಂಗಾದವರೇ ಇಟ್ಟುಕೊಂಡ ಆಳು. ಕೈ ಬೀಸುವ ರೀತಿಯಿಂದಲೇ ಗುರುತು ಹತ್ತಿತು. ಗಂಡನನ್ನು ಔಷಧಿ ಅಂಗಡಿಗೆ ಕಳಿಸಿ ನಾನು ಹತ್ತಿರ ಹೋದೆ.

ಆತ ಸಂತೋಷಪಟ್ಟ. ಮಾವ ಹೇಗಿದ್ದಾರೆ ಎಂದು ಕೇಳಿದ. ಕರು ಏನಾಯಿತು ಎಂದು ಕೇಳಿದ. ಎರಡು ಸಲ ಈದಿದೆ, ತಾಯಿಯದೇ ಮಚ್ಚೆ ಎಂದೆ. ಹೆಂಡತಿ ತೀರಿಕೊಂಡಳು ಎಂದು ಆತ ಹೇಳಿದ. ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ನಾನು ಆಗ ಉಗುಳಿದೆ.

"ಚಾಚಾ, ಆ ದಿನ ಮುರಂ ಬಳದು ಚೆಲ್ಲಿದಾಕಿ ನಾನೇ ರೀ. ಸಗಣಿ ಸಾರಿಸಿದಾಕಿನೂ ನಾನೇ."

"ಗೊತ್ತದ್ರಿ, ಸಣ್ಣವ್ವಾರ," ಅಂದ.

"ನನ್ನ ಉಳಸ್ಲಾಕ ನೀವ್ ಸುಮ್ಮನಿದ್ರಿ. ಅದರ ಉಪಕಾರ ನಾ ಮರ್ತಿಲ್ರಿ."

ಆತ ಬುಟ್ಟಿ ಕೆಳಗಿಟ್ಟು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ನಾನು ಏನು ಹೇಳುತ್ತಿದ್ದೇನೆಂದು ಆತನಿಗೆ ನಿಜವಾಗಿಯೂ ತಿಳಿಯಲಿಲ್ಲ.

"ನಿಮ್ಮನ್ನ ಉಳಸ್ಲಾಕ ಅಲ್ರಿ," ಅಂದ. "ಆಗಿನ ದಿನದಾಗ ನಾ ಹೇಳಿದ್ರ ಯಾರ್ ನಂಬ್ತಿದ್ರಿ? ಮನೀ ಸೊಸಿ ಮ್ಯಾಲ ತಪ್ಪ ಹಾಕ್ಲತ್ತಾನ ಅಂತ ಅಲ್ಲೇ ಹೊಡದು ಹಾಕ್ತಿದ್ರು. ನಾ ಅಂಜಿದ್ದೆ. ನೀವ್ ಹೇಳಿದ್ರ ನಂಬ್ತಿದ್ರು. ಇವತ್ತ ಹೇಳ್ತೀರಿ, ನಾಳಿ ಹೇಳ್ತೀರಿ ಅಂತ ನಾಕ್ ದಿನ ದಾರಿ ನೋಡ್ದೆರಿ."

ಮೇಲಿನಿಂದ ಒಂದು ಟಾಂಗಾ ಇಳಿದು ಬರುತ್ತಿತ್ತು. ಸ್ವಲ್ಪ ಸರಿಯಿರಿ ಎಂದು ಹೇಳಿ ಆತ ಬುಟ್ಟಿ ಎತ್ತಿಕೊಂಡ. ನಾನು ನಿಂತಿದ್ದ ಜಾಗದಲ್ಲೇ ಇನ್ನೂ ಮುರಂ ಬಿದ್ದಿರಲಿಲ್ಲ. ಗೋಡೆ ಹಿಡಿದುಕೊಂಡು ಬದಿಗೆ ಸರಿದೆ, ಆತ ಎರಡು ಹಿಡಿ ಚೆಲ್ಲಿದ, ಕುದುರೆ ಜಾರದೆ ದಾಟಿಹೋಯಿತು.